ವಿವಿಕ್ತ ಕಲನಶಾಸ್ತ್ರ: ಓದು ಆರಂಭಿಸುವ ಮುನ್ನ

ವಿದ್ಯಾರ್ಥಿ ಮಿತ್ರರ ಗಮನಕ್ಕೆ. ಬಿಡಿಬಿಡಿ ಪದಗಳ ಸಂಖ್ಯಾಶ್ರೇಣಿಗಳನ್ನು ಅಭ್ಯಸಿಸುವ ವಿವಿಕ್ತ ಕಲನಶಾಸ್ತ್ರದಲ್ಲಿ, ಸಾಮಾನ್ಯ ಕಲನಶಾಸ್ತ್ರದ ನಿಷ್ಪನ್ನದ (ಡಿರೈವೇಟಿವ್, ಬದಲಾವಣೆಯ ದರ) ಸ್ಥಾನದಲ್ಲಿರುವುದು ವ್ಯತ್ಯಾಸ, ಅಂದರೆ ಮುಂದಿನ ಪದದಿಂದ ಈಗಿನ ಪದವನ್ನು ಕಳೆದಾಗ ಉಳಿಯುವುದು. 0, 1, 4, 9, 16 ಎಂಬ ವರ್ಗಸಂಖ್ಯೆಗಳಿಗೆ ಇದು 1, 3, 5, 7 ಆಗುತ್ತದೆ. ಎಂದರೆ ಎನ್ ಎಂಬ ಸಂಖ್ಯೆಯ ವರ್ಗಕ್ಕೆ ಸಿಗುವುದು ಅದರ ನಿಷ್ಪನ್ನವಾದ 2ಎನ್ ಅಲ್ಲ, 2ಎನ್+1. ವರ್ಗದ ಬದಲು ಎನ್(ಎನ್−1) ಎಂಬ ಇಳಿಕೆಯ ಗುಣಲಬ್ಧವನ್ನು ತೆಗೆದುಕೊಂಡರೆ ವ್ಯತ್ಯಾಸವು ಸರಿಯಾಗಿ 2ಎನ್ ಬರುತ್ತದೆ, ಮೊತ್ತ ಕಂಡುಹಿಡಿಯುವುದೂ ಬಹುಪದಿಯ ಅನುಕಲನದಷ್ಟೇ (ಇಂಟಿಗ್ರೇಷನ್) ಸಲೀಸಾಗುತ್ತದೆ. ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡ ಭಾಗ ಇದೇ. ಘಾತಗಳ ನಿಯಮಗಳನ್ನು ಹೀಗೆ ನೆರಳಿನಂತೆ ಹಿಂಬಾಲಿಸುವ ಸೂತ್ರಗಳನ್ನು ಅಭ್ಯಸಿಸುವ ಅಂಬ್ರಲ್ ಕಲನಕ್ಕೆ, ನೆರಳು ಎಂಬರ್ಥದ ಲ್ಯಾಟಿನ್ ಪದದಿಂದಲೇ ಹೆಸರು ಬಂದಿದೆ. 1970ರ ದಶಕದಲ್ಲಿ ಗಣಿತಜ್ಞ ಜಾನ್-ಕಾರ್ಲೊ ರೋಟಾ ಮತ್ತು ಸಂಗಡಿಗರು ಅದಕ್ಕೆ ಭದ್ರವಾದ ತಳಹದಿ ಒದಗಿಸಿದರು. ಅಲ್ಲಿಗೆ ಹೋಗುವ ಮುನ್ನ ಎಲ್ಲರೂ ಘನಸಂಖ್ಯೆಗಳ ವ್ಯತ್ಯಾಸಗಳನ್ನು, ಮತ್ತೆ ಆ ವ್ಯತ್ಯಾಸಗಳ ವ್ಯತ್ಯಾಸಗಳನ್ನು ಸಾಲುಸಾಲಾಗಿ ಕೈಯಾರೆ ಬರೆದು, ವ್ಯತ್ಯಾಸಗಳ ಮೂರನೆಯ ಸಾಲಿನಲ್ಲಿ ಬರೀ 6 ಉಳಿಯುವುದನ್ನು ನೋಡಬೇಕೆಂದು ಕೋರುತ್ತೇನೆ.