ಈ ವಾರದ ಮಾತುಕತೆ: ಉತ್ಸುನೊಮಿಯಾ ಬ್ರೆಕ್ಸ್

ಎಲ್ಲರಿಗೂ ನಮಸ್ಕಾರ. ಈ ವಾರ ಜಪಾನಿನ ಉತ್ಸುನೊಮಿಯಾ ಬ್ರೆಕ್ಸ್ ಬ್ಯಾಸ್ಕೆಟ್‌ಬಾಲ್ ಕ್ಲಬ್ ಬಗ್ಗೆ ಮಾತಾಡೋಣ. ಮೊದಲೇ ಇಷ್ಟು ಓದಿಕೊಂಡಿರಿ.

ಕ್ಲಬ್ ಹುಟ್ಟಿದ್ದು 2007ರಲ್ಲಿ, ಟೋಕಿಯೊದ ಉತ್ತರಕ್ಕಿರುವ ತೊಚಿಗಿ ಪ್ರಾಂತ್ಯದಲ್ಲಿ. ಶುರುವಾಗಿದ್ದು ಎರಡನೇ ದರ್ಜೆಯ ಲೀಗ್‌ನಿಂದ. 2008ರಲ್ಲಿ ಯೂಟಾ ತಬುಸೆ ಬಂದರು. 2004ರಲ್ಲಿ ಫೀನಿಕ್ಸ್ ಸನ್ಸ್ ಪರ ಆಡಿ, ಅಮೆರಿಕದ ಎನ್‌ಬಿಎ ಲೀಗ್‌ನ ಅಂಗಳಕ್ಕಿಳಿದ ಮೊದಲ ಜಪಾನಿ ಅವರೇ. ಎತ್ತರ ಬರೀ 173 ಸೆಂಟಿಮೀಟರ್! ಅಂಥವರು ಒಂದು ಹೊಸ, ಸಣ್ಣ ಕ್ಲಬ್ಬಿಗೆ ಬಂದು ಅಲ್ಲೇ ನೆಲೆಯೂರಿದ್ದು ದೊಡ್ಡ ಮಾತು ಅಲ್ವಾ? 2010ರಲ್ಲಿ ತಂಡ ಆಗಿನ ಮೊದಲ ದರ್ಜೆಯ ಲೀಗ್ ಆದ ಜೆಬಿಎಲ್ ಗೆದ್ದಿತು.

ಆಗ ಜಪಾನಿನಲ್ಲಿ ಎರಡು ಲೀಗ್‌ಗಳ ಜಗಳ. ಅದು ಬಗೆಹರಿಯದೆ 2014ರಲ್ಲಿ ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಆ ದೇಶವನ್ನೇ ಅಮಾನತು ಮಾಡಿತು. ಎರಡೂ ಲೀಗ್ ಸೇರಿ 2016ರಲ್ಲಿ ಬಿ.ಲೀಗ್ ಆಯಿತು. ಮೊದಲ ಫೈನಲ್‌ನಲ್ಲಿ ಬ್ರೆಕ್ಸ್ 85-79ರಿಂದ ಕವಾಸಾಕಿ ತಂಡವನ್ನು ಸೋಲಿಸಿತು. ಈಗಿನ ಹೆಸರು 2019ರಿಂದ. 2022ರಲ್ಲಿ ಮತ್ತೆ ಕಪ್.

ನನಗೆ ಜಾಸ್ತಿ ತಟ್ಟಿದ್ದು 2025ರ ಗೆಲುವು. ಫೆಬ್ರವರಿಯಲ್ಲಿ, ಸೀಸನ್ ನಡುವೆಯೇ, ಕೋಚ್ ಕೆವಿನ್ ಬ್ರಾಸ್‌ವೆಲ್ ತೀರಿಕೊಂಡರು. ಸಹಾಯಕರಾಗಿದ್ದ ಜಿಕೊ ಕೊರೊನೆಲ್ ಜವಾಬ್ದಾರಿ ಹೊತ್ತರು. ಮೇ ತಿಂಗಳ ಮೂರು ಪಂದ್ಯಗಳ ಫೈನಲ್‌ನಲ್ಲಿ ರ್‍ಯೂಕ್ಯೂ ಗೋಲ್ಡನ್ ಕಿಂಗ್ಸ್ ವಿರುದ್ಧ ಮೂರನೇ ಪಂದ್ಯದವರೆಗೂ ಹೋರಾಡಿ ಗೆದ್ದರು. ಆ ದುಃಖ ಹೊತ್ತುಕೊಂಡೇ ಆಡಿದ ಹುಡುಗರು ಅವರು. ಆ ಪಂದ್ಯವನ್ನು ದಯವಿಟ್ಟು ನೋಡಿ.

ವಿಡಿಯೊ ಹಾಕುವವರು ಯಾವ ವರ್ಷದ್ದು ಅಂತ ಪಕ್ಕದಲ್ಲಿ ಬರೆಯಿರಿ. ಸುಮ್ನೆ ಫಾರ್ವರ್ಡ್ ಮಾಡಬೇಡಿ.