ಎಡ್ಡಿಯನ್ನ ಯಾಕೆ ಬಿಟ್ಟು ಹೋದರು?

ಪುಟ್ಟಿ,

ನೀನು ಪುಣೆ ಬಸ್ ಹತ್ತಿ ನಾಲ್ಕು ದಿನ ಆಯಿತು. ಆ ರಾತ್ರಿಯ ಮಾತೆಲ್ಲ ಮತ್ತೆ ಬರೆಯಲ್ಲ. ತಟ್ಟೆ ಬಿಟ್ಟು ಎದ್ದಿದ್ದು ಮಾತ್ರ ನನ್ನ ತಪ್ಪು. ನಿಮ್ಮಮ್ಮ ಇನ್ನೂ ಮುಖ ಕೊಟ್ಟು ಮಾತಾಡಿಲ್ಲ.

ಮರೆತು ಹೋದ ಪುಸ್ತಕ ಟಿವಿ ಪಕ್ಕ ಇದೆ. ಐನ್ ರ‍್ಯಾಂಡ್‌ದು, ‘ಅಟ್ಲಾಸ್ ಶ್ರಗ್ಡ್’, 1957ರದ್ದು, ನನಗಿಂತ 12 ವರ್ಷ ದೊಡ್ಡದು. ಬುದ್ಧಿವಂತರು, ಕಾರ್ಖಾನೆ ಕಟ್ಟಿದವರೆಲ್ಲ ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಗುಟ್ಟಿನ ಕಣಿವೆ ಸೇರಿಕೊಳ್ಳುತ್ತಾರೆ, ಅದೇ ಅವರ ಮುಷ್ಕರ ಅಂದೆಯಲ್ಲ, ಆಗ ನಗು ಬಂತು. ಮುಷ್ಕರ ಅಂದರೆ ನನಗೆ 1980-81, ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳದ್ದು, 77 ದಿನ. ನಿಮ್ಮ ತಾತನೂ ಅದರಲ್ಲಿದ್ದರು. ಅಂಗಡಿಯವನು ಸಾಲ ನಿಲ್ಲಿಸಿದ. ನಮಗೆ ಯಾವ ಕಣಿವೆಯೂ ಇರಲಿಲ್ಲ.

ಹಾಗಂತ ಆ ಹೆಂಗಸು ಬರೆದದ್ದೆಲ್ಲ ಸುಮ್ನೆ ಅನ್ನಲ್ಲ. ಅವಳ 1943ರ ‘ಫೌಂಟನ್‌ಹೆಡ್’ನಲ್ಲಿ ಎಲೆಕ್ಟ್ರಿಷಿಯನ್ ಮೈಕ್ ಕಬ್ಬಿಣದ ತೊಲೆಯ ಸುತ್ತ ಪೈಪ್ ಬಗ್ಗಿಸಲು ಒದ್ದಾಡುತ್ತಿದ್ದಾಗ, ಆರ್ಕಿಟೆಕ್ಟ್ ತಾನೇ ಗ್ಯಾಸ್ ಕಟರ್ ಹಿಡಿದು ತೊಲೆಗೇ ತೂತು ಮಾಡಿ ತೋರಿಸುತ್ತಾನಲ್ಲ, ಅದು ಹಿಡಿಸಿತು. ಕೆಲಸ ಬಲ್ಲವರು ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ. ಪೀಣ್ಯದಲ್ಲಿ 30 ವರ್ಷ ಲೇಥ್ ಮುಂದೆ ನಿಂತವನು ನಾನು. ಟೂಲಿನ ಸದ್ದು ಬದಲಾದರೆ ಸಾಕು, ಮೈಕ್ರೋಮೀಟರ್ ಇಡುವ ಮೊದಲೇ ಜಾಬ್ ಕೆಟ್ಟಿತು ಅಂತ ಗೊತ್ತಾಗುತ್ತದೆ. ಇದನ್ನ ಮೆಚ್ಚಿದವರು ಯಾರೂ ಇಲ್ಲ, ಅವಳು ಮೆಚ್ಚುತ್ತಿದ್ದಳೇನೋ.

ತಲೆ ತಿನ್ನುತ್ತಿರುವುದು ‘ಅಟ್ಲಾಸ್ ಶ್ರಗ್ಡ್’ನ ಎಡ್ಡಿ. ರೈಲ್ವೆ ಕಂಪನಿ ನಡೆಸುವ ಕಥಾನಾಯಕಿ ಡ್ಯಾಗ್ನಿಯ ಬಲಗೈ, ಚಿಕ್ಕಂದಿನಿಂದ ಜೊತೆಗೆ ಬೆಳೆದವನು, ಮೈಗಳ್ಳನಲ್ಲ. ಕೊನೆಗೆ ಅರಿಜೋನಾ ಮರಳುಗಾಡಲ್ಲಿ ರೈಲು ಕೆಟ್ಟು ನಿಲ್ಲುತ್ತದೆ. ಬಂಡಿಯವರು ಬಂದು ಕರೆಯುತ್ತಾರೆ, ಮಿಕ್ಕವರು ಹತ್ತಿ ಹೋಗುತ್ತಾರೆ, ಇವನು ರೈಲು ಬಿಡಲ್ಲ. ಇಂಜಿನ್ ರಿಪೇರಿ ಬರದಿದ್ದರೂ ಒದ್ದಾಡಿ ಒದ್ದಾಡಿ ಕಡೆಗೆ ಹಳಿ ಮೇಲೆ ಬಿದ್ದು ಅಳುತ್ತಾನೆ. ಎದುರಿಗೆ ಹೆಡ್‌ಲೈಟು ಮಾತ್ರ ಉರಿಯುತ್ತಿರುತ್ತದೆ. ಅವನನ್ನ ಯಾಕೆ ಕಣಿವೆಗೆ ಕರೆಯಲಿಲ್ಲ ಅಂದಿದ್ದಕ್ಕೆ ನೀನು ಮೊಸರನ್ನ ಕಲಸುತ್ತಾ, ‘ಒಳ್ಳೆಯವನೇ ಅಪ್ಪ, ಆದರೆ ಸಾಧಾರಣ’ ಅಂದೆ. ನಾನು ಎದ್ದಿದ್ದು ಆಗಲೇ. ತಾನು ಕಣಿವೆಗೆ ಹೋಗುವಾಗ ಡ್ಯಾಗ್ನಿ ಅವನಿಗೆ ಒಂದು ಫೋನ್ ಮಾಡಲು ಆಗ್ತಿರಲಿಲ್ವಾ? ಅಷ್ಟು ವರ್ಷ ಜೊತೆಗಿದ್ದವನು! ಮೈಕ್‌ನ ಕೈಗೆ ಬೆಲೆ ಇದೆ, ಎಡ್ಡಿಯ ನಿಯತ್ತಿಗೆ ಇಲ್ಲ ಅಂದರೆ ಅದು ಯಾವ ಲೆಕ್ಕ?

ನೀನು ಸ್ವಂತ ಕಂಪನಿ ಮಾಡುವುದು ನನಗೆ ಹೆಮ್ಮೆಯೇ, ಅಂದು ಹೇಳಲಿಲ್ಲ ಅಷ್ಟೆ. ಸಂಬಳ 7ನೇ ತಾರೀಕು ದಾಟಿಸಬೇಡ. ಪಿಎಫ್ ಕಟ್ಟು. ಹೆಲ್ಪರ್‌ಗಳ ಹೆಸರು ತಿಳಿದುಕೋ, ‘ಏಯ್’ ಅಂತ ಕರೀಬೇಡ, ಒಬ್ಬ ತಪ್ಪು ಮಾಡಿದರೆ ಎಲ್ಲರ ಮುಂದೆ ಬೈಬೇಡ... ನೋಡು, ಭಾಷಣ ಶುರುವಾಯಿತು.

ನಿನ್ನೆ ಡಿಕ್ಷನರಿ ಇಟ್ಟುಕೊಂಡು ಎಡ್ಡಿಯ ಆ ಪುಟಗಳನ್ನ ಓದಿದೆ. ಮೂರು ಗಂಟೆ ಹಿಡಿಯಿತು. ಅಂಚಿನಲ್ಲಿ ನೀನು ಪೆನ್ಸಿಲಲ್ಲಿ ಏನೋ ಬರೆದು ಅಳಿಸಿದ್ದೀಯ. ಟ್ಯೂಬ್‌ಲೈಟಿಗೆ ಹಿಡಿದರೂ ಓದಲಾಗಲಿಲ್ಲ. ಏನು ಬರೆದಿದ್ದೆ?

ಅಪ್ಪ