ವೈನಿಗೆ, ಮತ್ತು ನಿಮ್ಮೆಲ್ಲರಿಗೆ

ನನ್ನ ಮೂಗಿನ ಆಪರೇಷನ್ ಆಗಿ ಮೊನ್ನೆ ವರ್ಷ ತುಂಬಿತು. ಮೂಗು ಹೇಗೆ ಮುರಿಯಿತು, ಆಮೇಲೆ ಏನೇನಾಯಿತು, ನಿಮಗೆ ಗೊತ್ತೇ ಇದೆ. ಮೂಗಿನ ಬಾವು, ಅದರಲ್ಲೂ ತುದಿಯದ್ದು, ಪೂರ್ತಿ ಇಳಿಯಲು ಒಂದು ವರ್ಷದವರೆಗೂ ಬೇಕು. ಅಲ್ಲಿಯವರೆಗೆ ಏನೂ ತೀರ್ಮಾನ ಮಾಡಬೇಡಮ್ಮ ಅಂದಿದ್ದರು ಡಾಕ್ಟರ್. ಈಗ ಹೇಳಬಹುದು. ನನಗೆ ತುಂಬಾ ಸಮಾಧಾನವಾಗಿದೆ.

ಸೋಲಾಪುರ, ಹೈದರಾಬಾದ್ ಅಂತ ಅಲೆಸದೆ ಕಲಬುರಗಿಯಲ್ಲೇ ಎಲ್ಲ ಮುಗಿಸಿದ ಡಾಕ್ಟರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ದುಡ್ಡು ಕೊಟ್ಟು ಇವತ್ತಿಗೂ ಆ ಮಾತು ಎತ್ತದ ಕಾಕಾನಿಗೆ, ನನ್ನ ಪಿರಿಯಡ್‌ಗಳನ್ನೂ ತೆಗೆದುಕೊಂಡ ಶಾಲೆಯ ಟೀಚರ್‌ಗಳಿಗೆ, ಶರಣಬಸಪ್ಪನ ಗುಡಿಗೆ ಹರಕೆ ಹೊತ್ತ ಅವ್ವನಿಗೆ ನಮಸ್ಕಾರ.

ಇನ್ನು ವೈನಿ, ನನ್ನ ಅತ್ತಿಗೆ.

ಆ ಮೊದಲ ರಾತ್ರಿಯನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ರಕ್ತ ನಿಲ್ಲಲೆಂದು ಮೂಗಿನ ಎರಡೂ ಹೊಳ್ಳೆಗೆ ಪ್ಯಾಕ್ ತುಂಬಿದ್ದರು. ಬಾಯಲ್ಲೇ ಉಸಿರು. ನಮ್ಮ ಊರಿನ ಮೇ ತಿಂಗಳು ಬೇರೆ. ಗಂಟಲು ಒಣಗಿ ಸುಡುತ್ತಿತ್ತು. ಉಗುಳು ನುಂಗಿದರೆ ಕಿವಿ ಗಪ್ಪನೆ ಮುಚ್ಚಿಕೊಳ್ಳುತ್ತಿತ್ತು. ನಡುರಾತ್ರಿ ಉಸಿರೇ ನಿಂತುಹೋದಂತೆ ಆಯಿತು. ಸಾಯುತ್ತೇನೆ ಅಂತಲೇ ಅನಿಸಿತು. ಪ್ಯಾಕ್ ಕಿತ್ತು ಒಗೆಯಲು ಕೈ ಎತ್ತಿದೆ.

ವೈನಿ ಎರಡೂ ಕೈ ಹಿಡಿದುಕೊಂಡರು. "ಬಾಯಿಲೆ ಉಸುರು ತಗೋ ನನ್ನವ್ವಾ. ನಾ ಇಲ್ಲೇ ಅದೀನಿ." ಸಿಸ್ಟರ್ ಬಂದು ಎಲ್ಲ ಸರಿ ಇದೆ ಅಂದು ಹೋದ ಮೇಲೂ ಕೈ ಬಿಡಲಿಲ್ಲ. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದರು, ಮೂಗಿನ ಕೆಳಗಿನ ರಕ್ತದ ಬಟ್ಟೆ ನೆನೆದಾಗಲೆಲ್ಲ ಸಿಸ್ಟರ್‌ನ ಕರೆಯುತ್ತಿದ್ದರು. ನಾನು ಕಣ್ಣು ಬಿಟ್ಟಾಗೆಲ್ಲ ಅವರು ಎಚ್ಚರವಿದ್ದರು. ಬೆಳಿಗ್ಗೆ ಮನೆಗೆ ಹೋಗಿ ಎಲ್ಲರಿಗೂ ರೊಟ್ಟಿ ಬಡಿದು ಮತ್ತೆ ಬಂದರು. ಅದನ್ನು ನೆನೆದರೆ ಈಗಲೂ ನನ್ನಿಂದ ತಡೆಯಲು ಆಗುವುದಿಲ್ಲ.

ಮದುವೆಗೆ ಅಂತ ಮೂಗು ಮಾಡಿಸಿಕೊಂಡಳು ಅಂದವರಿಗೆ ಉತ್ತರ ಕೊಟ್ಟವರೂ ವೈನಿಯೇ. "ಈಕಿ ರಾತ್ರಿಯೆಲ್ಲ ಬಾಯಿ ತೆರಕೊಂಡು ಕೂತಿರೂದು ನೀವು ನೋಡೀರೇನು?" ಹಾಗಂತ ಚಂದ ಕಾಣುವ ಆಸೆ ನನಗಿರಲಿಲ್ಲ ಅಂತಲ್ಲ. ಇತ್ತು. ಅದರಲ್ಲಿ ನಾಚಿಕೆ ಪಡುವುದು ಏನಿದೆ? ಅಷ್ಟಕ್ಕೂ ಒಳಗೆ ಎರಡು ಹೊಳ್ಳೆಗಳ ನಡುವಿನ ಗೋಡೆ ಡೊಂಕಿದ್ದರೆ ಹೊರಗಿನ ಮೂಗು ನೇರ ನಿಲ್ಲುವುದು ಕಷ್ಟ. ಹಾಗಾಗಿ ಎರಡನ್ನೂ ಒಟ್ಟಿಗೇ ಸರಿ ಮಾಡಿದರು.

ಈಗಲೂ ಒಂದು ಕಡೆಯಿಂದ ನೋಡಿದರೆ ಸಣ್ಣ ಬಾಗು ಕಾಣುತ್ತದೆ. ಮೂಗಿನ ಮೆದು ಎಲುಬು ಹಳೆಯ ಕಡೆಗೇ ಸ್ವಲ್ಪ ಎಳೆಯಬಹುದು ಅಂತ ಮೊದಲೇ ಬಿಡಿಸಿ ಹೇಳಿದ್ದರು. ಅದಕ್ಕೇ ನನಗೆ ಬೇಜಾರಾಗಲಿಲ್ಲ. ಹೀಗೆ ಮುಂಚೆಯೇ ಹೇಳುವ ಡಾಕ್ಟರ್ ಸಿಗುವುದು ದೊಡ್ಡದು.

ಮೊನ್ನೆ ತೋರಿಸಲು ಹೋದಾಗ ಐದು ಪ್ರಶ್ನೆಗಳ ಹಾಳೆ ಕೊಟ್ಟರು. ಮೂಗು ಕಟ್ಟುತ್ತದಾ, ನಿದ್ದೆಗೆ ತೊಂದರೆಯಾ, ಮೈ ದಣಿದಾಗ ಗಾಳಿ ಸಾಲುತ್ತದಾ, ಇಂಥವು. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ತೊಂದರೆ ಜಾಸ್ತಿ ಇದ್ದಷ್ಟೂ ಅಂಕ ಜಾಸ್ತಿ. ಆಪರೇಷನ್‌ಗೆ ಮುಂಚೆ ನಿದ್ದೆಯ ಪ್ರಶ್ನೆಗೆ 4 ಬರೆದಿದ್ದೆ. ಈ ಸಲ 0 ಬರೆದೆ.

ವೈನಿಯ ಮೊಣಕಾಲಿನ ಆಪರೇಷನ್ ಬರುವ ತಿಂಗಳು. ರಾತ್ರಿ ಆಸ್ಪತ್ರೆಯಲ್ಲಿ ನಾನು ಇರುತ್ತೇನೆ. ಅಣ್ಣಾ, ಅವ್ವಾ, ದಯವಿಟ್ಟು ಈ ವಿಷಯಕ್ಕೆ ನನ್ನ ಜೊತೆ ವಾದ ಮಾಡಬೇಡಿ.